ಪುಣೆಯಿಂದ ಹಳೆಯ ಪದ್ಮಿನಿಯನ್ನು ಓಡಿಸಿಕೊಂಡು ಬರುವವರಿಗೆ

ಪ್ರೀಮಿಯರ್ ಪದ್ಮಿನಿ ಹುಡುಕುವವರು ಮುಂಬೈ, ಪುಣೆ ಕಡೆ ಮುಖ ಮಾಡುವುದಕ್ಕೆ ಕಾರಣವಿದೆ. ಈ ಕಾರು ತಯಾರಾಗುತ್ತಿದ್ದುದು ಮುಂಬೈನ ಕುರ್ಲಾದಲ್ಲಿ. ಅದರ ಹೊಟ್ಟೆಯೊಳಗಿನದನ್ನು ಬಲ್ಲ ಮೆಕ್ಯಾನಿಕ್‌ಗಳು ಆ ಕಡೆ ಇನ್ನೂ ಇದ್ದಾರೆ. ದಾವಣಗೆರೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಫೋಟೊ ನೋಡಿಯೇ ಪೂರ್ತಿ ಹಣ ಕಳಿಸುವವರನ್ನು ನಾನು ತಡೆಯುವುದಿಲ್ಲ. ಆದರೆ ಅವರ ಜೊತೆ ಕಾರು ತರಲು ಹೋಗುವುದೂ ಇಲ್ಲ.

ಬಸ್ಸಿಗೆ ಟಿಕೆಟ್ ಮಾಡಿಸುವ ಮೊದಲು ಕಾಗದಪತ್ರ ಮುಗಿಯಬೇಕು. ಪದ್ಮಿನಿಯ ಉತ್ಪಾದನೆ ನಿಂತು ಕಾಲು ಶತಮಾನವೇ ಆಯಿತು. ಹಾಗಾಗಿ ಯಾವ ಪದ್ಮಿನಿಯಾದರೂ 15 ವರ್ಷ ದಾಟಿದ್ದೇ. ಆರ್‌ಸಿ ನವೀಕರಣವಾಗಿದೆಯೇ, ಎಲ್ಲಿಯವರೆಗೆ ಎಂದು ಕೇಳಿ. 20 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿದೆ, ಆ ಖರ್ಚು ಯಾರದೆಂಬುದು ಚೌಕಾಸಿಯಲ್ಲೇ ತೀರ್ಮಾನವಾಗಲಿ. ಫಾರ್ಮ್ 28ರ ನಿರಾಕ್ಷೇಪಣಾ ಪತ್ರವನ್ನು ಮಾರುವವರೇ ತೆಗೆಸಿಡಬೇಕು, ಅದರಲ್ಲಿ ದಾವಣಗೆರೆ ಆರ್‌ಟಿಒ ಹೆಸರು ಸರಿಯಾಗಿ ನಮೂದಾಗಿರಬೇಕು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪತ್ರ. ಹಳೆಯ ಸಾಲದ ಹೈಪೊಥಿಕೇಶನ್ (ಸಾಲಕ್ಕೆ ಕಾರು ಅಡವಿದೆ ಎಂಬ ನಮೂದು) ಆರ್‌ಸಿಯಲ್ಲಿ ಹಾಗೆಯೇ ಉಳಿದಿದ್ದರೆ ಅದನ್ನು ತೆಗೆಸುವವರೆಗೆ ಹೊರಡಲೇಬೇಡಿ.

ಮಾರುವವರಿಗೆ ಮುಂಚೆಯೇ ಹೇಳಿಡಿ: "ನಾವು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಸರ್." ಹೋದೊಡನೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಚಹಾ ಕುಡಿಯುತ್ತಾ ಮಾತಾಡಿ, ತಣಿಯಲಿ. ತಣ್ಣಗಿನ ಎಂಜಿನ್ ಎಷ್ಟು ಸುಲಭವಾಗಿ ಹತ್ತಿಕೊಳ್ಳುತ್ತದೆ ಎಂಬುದರಲ್ಲಿ ಕಾರಿನ ಅರ್ಧ ಜಾತಕವಿದೆ. ಎಂಜಿನ್ ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ನಮಸ್ಕಾರ ಹೇಳಿ ಎದ್ದುಬನ್ನಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಒಂದೇ ಸಮನೆ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆ, ಅದಕ್ಕೆ ಬೆಲೆ ಇಳಿಸಿ ಕೇಳಬಹುದು.

ಆಮೇಲೆ ಬೂಟು ಕಳಚಿ ಕಾರಿನೊಳಗೆ ಹತ್ತಿ. ನಗುವವರು ನಗಲಿ. ಮ್ಯಾಟ್ ಎತ್ತಿ ನೆಲದ ತಗಡನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಹೊಸ ಬಣ್ಣದ ಕೆಳಗೆ ತಗಡು ಕರಕರ ಎಂದು ಒಳಗಿಳಿದರೆ ತುಕ್ಕು ತಿಂದಿದೆ. ಬಾಗಿಲುಗಳ ತಳ, ಬ್ಯಾಟರಿ ಕೂರುವ ತಟ್ಟೆ, ಜಾಕ್ ಹಾಕುವ ಜಾಗ, ಇವಿಷ್ಟನ್ನು ಬಿಡಬೇಡಿ. ಎಂಜಿನ್ ಕೆಲಸ ಯಾವ ಊರಲ್ಲಾದರೂ ಆಗುತ್ತದೆ, ಕೊಳೆತ ತಗಡಿನ ಕೆಲಸಕ್ಕೆ ಕೊನೆಯೇ ಇಲ್ಲ. ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ತಿಕ್ಕಿ ಅಚ್ಚು ತೆಗೆದು ಆರ್‌ಸಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2314 ಎಂದಿದ್ದರೆ 2014ರ 23ನೇ ವಾರದ್ದು. ಹಿಡಿತದ ಗೀರು ಸವೆಯದೆ ಎಷ್ಟೇ ಆಳವಾಗಿದ್ದರೂ ಅಷ್ಟು ಹಳೆಯ ಟೈರಿನ ಮೇಲೆ ದಾವಣಗೆರೆಗೆ ಬರಬೇಡಿ. ಪುಣೆಯಲ್ಲೇ ಬದಲಿಸಿ.

ಕೊಂಡ ದಿನವೇ ಹೊರಡುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಅಂದು ಮಧ್ಯಾಹ್ನ ಊರಿನ ಸುತ್ತ ಓಡಿಸಿ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಹಳೆಯ ಪತ್ರಿಕೆ ಹಾಸಿ. ಬೆಳಿಗ್ಗೆ ಪತ್ರಿಕೆಯ ಮೇಲೆ ಯಾವ ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿದರೆ ಎಣ್ಣೆಯೋ, ಬ್ರೇಕ್ ದ್ರವವೋ, ನೀರೋ ತಿಳಿಯುತ್ತದೆ. ಬ್ರೇಕ್ ದ್ರವ ಬಿದ್ದಿದ್ದರೆ ಅದು ರಿಪೇರಿಯಾಗುವವರೆಗೆ ಪ್ರಯಾಣವಿಲ್ಲ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಎಂಜಿನ್ನಿಗೆ ಕಿಡಿ ಕೊಡುವ ಕಾಂಟ್ಯಾಕ್ಟ್ ಪಾಯಿಂಟ್ ಮತ್ತು ಅದರ ಕಂಡೆನ್ಸರ್, ಒಂದು ಕ್ಯಾನ್ ನೀರು ಇರಲಿ.

ಪುಣೆಯಿಂದ ದಾವಣಗೆರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಐನೂರೈವತ್ತು ಕಿ.ಮೀ.ಗೂ ಮೇಲಿದೆ. ನಸುಕಿನಲ್ಲೇ ಬಿಟ್ಟರೆ ಖಂಬಾಟ್ಕಿ ಘಾಟಿನ ಏರನ್ನು ತಂಪು ಹೊತ್ತಿನಲ್ಲಿ ದಾಟಬಹುದು. ಗಂಟೆಗೆ 60ರ ಆಸುಪಾಸಿನಲ್ಲಿ ಎಡಕ್ಕೇ ಇರಿ. ಹಿಂದಿನ ಲಾರಿಯವರು ಹಾರ್ನ್ ಹೊಡೆದರೆ ಹೊಡೆಯಲಿ. ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್, ಇಳಿಜಾರಿನಲ್ಲಿ ಒತ್ತುತ್ತಲೇ ಹೋದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಮೂರನೇ ಅಥವಾ ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ.

ಬಿಸಿಲೇರಿದ ಮೇಲೆ ಕಾರು ಕೆಮ್ಮಿ ನಿಂತುಬಿಟ್ಟರೆ ಗಾಬರಿಯಿಂದ ಸೆಲ್ಫ್ ಹೊಡೆಯುತ್ತಾ ಬ್ಯಾಟರಿ ಬರಿದು ಮಾಡಬೇಡಿ. ಎಂಜಿನ್ನಿಗೆ ಅಂಟಿಕೊಂಡ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರ್‌ಗೆ ಹರಿಯುತ್ತಿರುವುದಿಲ್ಲ. ಬಾನೆಟ್ ತೆರೆದು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ. ಊಟ ಮುಗಿಯುವಷ್ಟರಲ್ಲಿ ಕಾರೂ ಸಿದ್ಧವಾಗಿರುತ್ತದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ಮುಟ್ಟಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಇಂಧನದ ಮುಳ್ಳನ್ನು ನಂಬದೆ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ತುಂಬಿಸಿ. ಹಳೆಯ ಹೆಡ್‌ಲೈಟಿನ ಬೆಳಕು ಇಂದಿನ ಹೆದ್ದಾರಿಗೆ ಸಾಲದು, ಕತ್ತಲಾಗುತ್ತಲೇ ಬೆಳಗಾವಿಯಲ್ಲೋ ಧಾರವಾಡದಲ್ಲೋ ತಂಗಿ. ಧಾರವಾಡವಾದರೆ ಪೇಢೆಯ ನೆಪವೂ ಇದೆ.

ಟೋಲ್‌ಗೆ ಮಾರಿದವರ ಫಾಸ್ಟ್ಯಾಗ್ ಬಳಸುವುದಾದರೆ ಅವರ ಒಪ್ಪಿಗೆ ಪಡೆದು ಹಣ ತುಂಬಿಸಿ. ಟ್ಯಾಗ್ ಇಲ್ಲದಿದ್ದರೆ ಟೋಲ್ ದರ ಹೆಚ್ಚು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಟೋಲಿನ ರಸೀದಿಯನ್ನು ಮಾತ್ರ ಎಸೆಯಬೇಡಿ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಬೇಕು, ಕಾರು ಕರ್ನಾಟಕಕ್ಕೆ ಕಾಲಿಟ್ಟ ದಿನಾಂಕ ಯಾವುದೆಂದು ಯಾರಾದರೂ ಕೇಳಿದಾಗ ತೋರಿಸಲು ಅದೇ ಚೀಟಿ ಇರುತ್ತದೆ. ಆ ರಸೀದಿಯ ಅಕ್ಷರ ಬೇಗ ಮಾಸಿಹೋಗುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ ಫಾರ್ಮ್ 28ರ ಜೊತೆ ಪಿನ್ ಹೊಡೆದಿಡಿ.