ಕೊಳವೆಬಾವಿ ನೀರಿನ ವರದಿ ಬರೆಯುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ಆದರೆ ನೀರು ಪರೀಕ್ಷಿಸಿದ ಪರಿಸರ ವಿಜ್ಞಾನಿಯ ವರದಿ ಗ್ರಾಮ ಪಂಚಾಯಿತಿಯವರಿಗೆ ಅರ್ಥವಾಗದೆ ಕಡತದಲ್ಲೇ ಉಳಿದರೆ, ಮಕ್ಕಳು ಅದೇ ನೀರನ್ನು ಕುಡಿಯುತ್ತಲೇ ಇರುತ್ತಾರೆ.

ಮೊದಲು, ವರದಿ ಯಾರ ಕೈ ಸೇರುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ತಿಳಿಯಬೇಕಾದದ್ದು ಈ ನೀರನ್ನು ಕುಡಿಯಲು ಬಿಡಬಹುದೇ ಎಂಬುದು. ಆ ಉತ್ತರ ಮೊದಲ ಪ್ಯಾರಾದಲ್ಲೇ ಇರಲಿ.

ಎರಡನೆಯದಾಗಿ, ಅಂಕಿಯನ್ನು ಎಂದಿಗೂ ಒಂಟಿಯಾಗಿ ಬಿಡಬೇಡಿ. ‘ಫ್ಲೋರೈಡ್ ಪ್ರಮಾಣವು ನಿಗದಿತ ಮಿತಿಯನ್ನು ಮೀರಿರುವುದು ಕಂಡುಬಂದಿರುತ್ತದೆ’ ಎಂಬ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ. ಪರೀಕ್ಷೆಯಲ್ಲಿ 2.4 ಬಂದಿದೆ ಎಂದುಕೊಳ್ಳೋಣ. ಆಗ ಹೀಗೆ ಬರೆಯಬಹುದು: ‘ಶಾಲೆಯ ಪಕ್ಕದ ಕೊಳವೆಬಾವಿಯ ನೀರಿನಲ್ಲಿ ಲೀಟರ್‌ಗೆ 2.4 ಮಿಲಿಗ್ರಾಂ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ ಇದು 1 ಮಿಲಿಗ್ರಾಂ ದಾಟಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ಈ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು. ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು.’ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನೂ ಇಲ್ಲಿಯೇ ಸೇರಿಸಿ; ಬಹಳಷ್ಟು ಮನೆಗಳಲ್ಲಿ ಕುದಿಸುವುದೇ ಎಲ್ಲಕ್ಕೂ ಪರಿಹಾರವೆಂಬ ನಂಬಿಕೆ ಇದೆ.

ನಂತರ ಮಾದರಿಯ ವಿವರ: ತೆಗೆದ ದಿನಾಂಕ, ಸ್ಥಳ, ಪರೀಕ್ಷಾ ವಿಧಾನ. ಕೊಳವೆಬಾವಿಯ ಬಾಯಿಯಲ್ಲಿ ಹಿಡಿದ ನೀರೋ, ಓವರ್‌ಹೆಡ್ ಟ್ಯಾಂಕಿನಿಂದ ಬಂದದ್ದೋ ಎಂಬುದನ್ನು ಬರೆಯದಿದ್ದರೆ ವರದಿ ಅರ್ಧವಾದಂತೆ, ಏಕೆಂದರೆ ಟ್ಯಾಂಕಿನಲ್ಲಿ ಎರಡು ಮೂರು ಬಾವಿಗಳ ನೀರು ಬೆರೆತಿರಬಹುದು.

ಅತ್ಯಂತ ಎಚ್ಚರ ಬೇಕಾದದ್ದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವಲ್ಲಿ. ಗ್ರಾನೈಟ್ ಶಿಲೆಯ ಖನಿಜಗಳಿಂದ ಫ್ಲೋರೈಡ್ ನೀರಿಗೆ ಕರಗುತ್ತದೆ ಎಂಬುದು ತಿಳಿದ ವಿಷಯವಾದರೂ, ಬೇಸಿಗೆಯಲ್ಲಿ ತೆಗೆದ ಒಂದೇ ಮಾದರಿಯಿಂದ ಇಡೀ ವರ್ಷದ ಸ್ಥಿತಿಯನ್ನು ಹೇಳಲಾಗದು. ಮಕ್ಕಳ ಹಲ್ಲಿನ ಮೇಲೆ ಕಲೆಗಳಿದ್ದರೆ ಅದನ್ನು ಕಂಡಂತೆ ದಾಖಲಿಸಿ. ಅದು ದಂತ ಫ್ಲೋರೋಸಿಸ್ (ಅತಿಯಾದ ಫ್ಲೋರೈಡ್‌ನಿಂದ ಹಲ್ಲಿಗಾಗುವ ಹಾನಿ) ಹೌದೇ ಎಂಬ ನಿರ್ಣಯವನ್ನು ದಂತವೈದ್ಯರಿಗೆ ಬಿಡಿ.

‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಶಿಫಾರಸು ಬೇಡ. ಯಾರು, ಏನನ್ನು, ಯಾವಾಗಿನೊಳಗೆ ಮಾಡಬೇಕೆಂದು ಬರೆಯಿರಿ: ಬಾವಿಗೆ ಎಚ್ಚರಿಕೆ ಫಲಕ, ಶಾಲೆಗೆ ಶುದ್ಧ ನೀರಿನ ಘಟಕದಿಂದ ಪೂರೈಕೆ, ಮಳೆಗಾಲದ ನಂತರ ಮರುಪರೀಕ್ಷೆ. ಪ್ರಯೋಗಾಲಯದ ಕೋಷ್ಟಕಗಳೆಲ್ಲ ಅನುಬಂಧದಲ್ಲಿರಲಿ. ಕಳುಹಿಸುವ ಮುನ್ನ ಮೊದಲ ಪುಟವನ್ನು ಊರಿನ ನೀರುಗಂಟಿಗೆ ಓದಿ ಹೇಳಿ, ಅವರು ತಡೆದು ಪ್ರಶ್ನೆ ಕೇಳಿದ ವಾಕ್ಯವನ್ನು ಮತ್ತೆ ಬರೆಯಿರಿ.