ನೀಲ್ ದ್ವೀಪಕ್ಕೆ ಹೋಗುವುದು ಹೇಗೆ? ಲೆಕ್ಕ ಶುರುವಾಗಬೇಕಾದ್ದು ಫೆರ್ರಿಯಿಂದ

ಅಂಡಮಾನಿಗೆ ಹೊರಡುವವರು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ಹಿಡಿಯುತ್ತಾರೆ, ಆಮೇಲೆ ರೂಮು ಕಾದಿರಿಸುತ್ತಾರೆ. ಫೆರ್ರಿಯ ವಿಷಯಕ್ಕೆ ‘ಅಲ್ಲಿಗೆ ಹೋಗಿ ನೋಡೋಣ’ ಎಂದುಬಿಡುತ್ತಾರೆ. ಎಡವಟ್ಟಾಗುವುದು ಇಲ್ಲೇ. ವಿಮಾನಗಳು ದಿನಕ್ಕೆ ಹಲವು ಇವೆ, ರೂಮು ಹೇಗೋ ಹೊಂದುತ್ತದೆ. ನೀಲ್ ದ್ವೀಪಕ್ಕೆ ಮುಟ್ಟಿಸುವ ಫೆರ್ರಿಗಳು ಮಾತ್ರ ದಿನಕ್ಕೆ ಬೆರಳೆಣಿಕೆಯಷ್ಟು. ಅವೂ ಸಮುದ್ರ ಒಪ್ಪಿದರೆ ಮಾತ್ರ ಹೊರಡುತ್ತವೆ.

ಪೋರ್ಟ್ ಬ್ಲೇರ್‌ನಿಂದ ಸುಮಾರು 37 ಕಿ.ಮೀ. ದೂರದ ಈ ದ್ವೀಪದ ವಿಸ್ತಾರ 14 ಚದರ ಕಿ.ಮೀ.ಗಿಂತ ಕಡಿಮೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆನಿಂತ ನೆಲವಿದು. ಊರುಗಳ ಹೆಸರು ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಗದ್ದೆ, ಬಾಳೆತೋಟ, ತರಕಾರಿ ಮಡಿಗಳ ನಡುವೆ ಒಂದು ರಸ್ತೆ, ಅದರ ತುದಿಗಳಲ್ಲಿ ಕಡಲತೀರಗಳು. ದೊಡ್ಡ ರೆಸಾರ್ಟುಗಳ ಗದ್ದಲ, ರಾತ್ರಿಯ ಸಂತೆ ಹುಡುಕುವವರಿಗೆ ಇಲ್ಲಿ ಎರಡನೇ ದಿನವೇ ಬೇಜಾರು ಬಂದೀತು. ಸುಮ್ಮನೆ ಇರಲು ಬರುವವರಿಗೆ ಈ ಊರು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

2018ರ ಡಿಸೆಂಬರ್ 30ರಂದು ನೀಲ್‌ಗೆ ‘ಶಹೀದ್ ದ್ವೀಪ’, ಪಕ್ಕದ ಹ್ಯಾವ್‌ಲಾಕ್‌ಗೆ ‘ಸ್ವರಾಜ್ ದ್ವೀಪ’ ಎಂದು ಹೊಸ ಹೆಸರು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ‘ಶ್ರೀ ವಿಜಯಪುರಂ’ ಆಯಿತು. ಬಳಕೆಯಲ್ಲಿ ಹಳತು, ಹೊಸತು ಎರಡೂ ಇವೆ. ಒಂದು ವೆಬ್‌ಸೈಟಿನಲ್ಲಿ ನೀಲ್ ಎಂದಿದ್ದರೆ ಇನ್ನೊಂದರಲ್ಲಿ ಶಹೀದ್ ಎಂದಿರುತ್ತದೆ. ಅವಸರದಲ್ಲಿ ಶಹೀದ್ ಬದಲು ಸ್ವರಾಜ್‌ಗೆ ಟಿಕೆಟ್ ಮಾಡಿಸಿಕೊಂಡರೆ ರೂಮು ಒಂದು ದ್ವೀಪದಲ್ಲಿ, ನೀವು ಇನ್ನೊಂದರಲ್ಲಿ! ಹಣ ಕಟ್ಟುವ ಮುನ್ನ ಹೊರಡುವ ಜಾಗ, ತಲುಪುವ ಜಾಗ ಎರಡನ್ನೂ ಬಾಯಿಬಿಟ್ಟು ಓದಿಕೊಳ್ಳಿ. ವಿಮಾನ ಹುಡುಕುವಾಗ ಹೆಸರಿನ ತಂಟೆಯೇ ಬೇಡವೆಂದರೆ ನಿಲ್ದಾಣದ ಸಂಕೇತ ‘ಐಎಕ್ಸ್‌ಝೆಡ್’ ಹಾಕಿ.

ಭಾರತೀಯರಿಗೆ ನೀಲ್‌ಗೆ ಹೋಗಲು ವಿಶೇಷ ಪರವಾನಗಿ ಬೇಕಿಲ್ಲ. ಫೋಟೊ ಇರುವ ಮೂಲ ಗುರುತಿನ ಚೀಟಿ ಮಾತ್ರ ಕೈಗೆ ಸಿಗುವಂತಿರಲಿ. ಜೆಟ್ಟಿಯಲ್ಲೂ ಹೋಟೆಲಿನಲ್ಲೂ ಕೇಳುತ್ತಾರೆ. ಮಕ್ಕಳದ್ದನ್ನೂ ಮರೆಯಬೇಡಿ. ತಂಡದಲ್ಲಿ ವಿದೇಶಿ ಪಾಸ್‌ಪೋರ್ಟ್‌ನವರು ಇದ್ದರೆ ಅವರಿಗೆ ನೋಂದಣಿ ನಿಯಮಗಳು ಬೇರೆ. ಅದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಕೊನೆಯ ರಾತ್ರಿಯಿಂದ ಹಿಂದಕ್ಕೆ ಎಣಿಸಿ

ಒಂದು ಹಾಳೆ ತೆಗೆದುಕೊಂಡು ಎಲ್ಲಕ್ಕಿಂತ ಕೆಳಗೆ ಮರಳುವ ವಿಮಾನ ಬರೆಯಿರಿ. ಅದರ ಮೇಲಿನ ಸಾಲು: ‘ಹಿಂದಿನ ರಾತ್ರಿ ಪೋರ್ಟ್ ಬ್ಲೇರ್’. ಇದರಲ್ಲಿ ರಾಜಿ ಬೇಡ. ನೀಲ್‌ನಿಂದ ಬೆಳಿಗ್ಗೆ ಹೊರಟು ಅದೇ ಮಧ್ಯಾಹ್ನ ವಿಮಾನ ಹತ್ತುವ ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಗಾಳಿ ಎದ್ದು ಒಂದು ಫೆರ್ರಿ ರದ್ದಾದರೆ ಆ ದಿನದ ಪ್ರಯಾಣಿಕರೆಲ್ಲ ಮುಂದಿನ ಫೆರ್ರಿಗೆ ಮುಗಿಬೀಳುತ್ತಾರೆ, ಸೀಟು ಸಿಗುವುದಿಲ್ಲ. ಫೆರ್ರಿಯವರು ತಮ್ಮ ಟಿಕೆಟ್‌ನ ಹಣ ವಾಪಸ್ ಕೊಡಬಹುದು, ತಪ್ಪಿದ ವಿಮಾನದ ನಷ್ಟ ಯಾರೂ ಕಟ್ಟಿಕೊಡುವುದಿಲ್ಲ. ಮೇ ಮಧ್ಯದಿಂದ ನವೆಂಬರ್‌ವರೆಗಿನ ಪ್ರವಾಸವಾದರೆ ಕೊನೆಗೆ ಒಂದಲ್ಲ, ಎರಡು ರಾತ್ರಿ ಪೋರ್ಟ್ ಬ್ಲೇರ್‌ಗೆ ಇಡಿ. ಫೆರ್ರಿ ಸರಿಯಾಗಿ ಬಂದರೆ ಆ ದಿನ ಸೆಲ್ಯುಲರ್ ಜೈಲಿಗೆ ಆಯಿತು, ನಷ್ಟವೇನಿಲ್ಲ.

ಅದರ ಮೇಲೆ ನೀಲ್‌ನ ರಾತ್ರಿಗಳು. ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಪ್ಯಾಕೇಜ್ ಪ್ರವಾಸಿಗಳು ಬೆಳಗಿನ ಫೆರ್ರಿಯಲ್ಲಿ ಬಂದು, ಜೀಪಿನಲ್ಲಿ ಮೂರು ಬೀಚು ಸುತ್ತಿ, ಮಧ್ಯಾಹ್ನಕ್ಕೋ ಮರುದಿನಕ್ಕೋ ಹೊರಟುಬಿಡುತ್ತಾರೆ. ಅವರ ವೇಳಾಪಟ್ಟಿ ತಪ್ಪಿಸಿ ಓಡಾಡಲು ಎರಡು ಪೂರ್ತಿ ಬೆಳಗಾದರೂ ನಿಮಗೆ ಬೇಕು.

ಹ್ಯಾವ್‌ಲಾಕ್ ಸೇರಿಸಬೇಕೆ? ಅಲ್ಲಿನ ರಾಧಾನಗರ ತೀರ ಚೆಂದವೇ, ಅನುಮಾನವಿಲ್ಲ. ಆದರೆ ಅದನ್ನು ಸೇರಿಸಿದರೆ ಎರಡರ ಬದಲು ಮೂರು ಫೆರ್ರಿ ಪಯಣ, ಅಂದರೆ ಎಡವಲು ಇನ್ನೊಂದು ಅವಕಾಶ. ಒಟ್ಟು ಐದು ರಾತ್ರಿಯಷ್ಟೇ ಇದ್ದರೆ ಹ್ಯಾವ್‌ಲಾಕ್ ಬಿಡಿ. ಏಳಿದ್ದರೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್, ಪೋರ್ಟ್ ಬ್ಲೇರ್ ಎಂಬ ಸುತ್ತು ಸರಿಹೋಗುತ್ತದೆ.

ತಿಂಗಳ ಆಯ್ಕೆ ಸುಲಭ: ಜನವರಿ ಎರಡನೇ ವಾರದಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ. ಕ್ರಿಸ್‌ಮಸ್ ರಜೆಯಲ್ಲಿ ಹವೆ ಚೆನ್ನಾಗಿದ್ದರೂ ಜನ ಜಾಸ್ತಿ.

ಹಾಳೆ ತುಂಬಿದ ಮೇಲೆ ಕಾದಿರಿಸುವ ಸರದಿ. ಮೊದಲು ಆ ದಿನಗಳಿಗೆ ಫೆರ್ರಿ ಸೀಟು ಇದೆಯೇ ನೋಡಿ. ಇದ್ದರೆ ವಿಮಾನ ಮತ್ತು ಫೆರ್ರಿ ಎರಡನ್ನೂ ಒಂದೇ ಸಲಕ್ಕೆ ಮುಗಿಸಿ. ರೂಮು ಕೊನೆಗೆ. ಪೋರ್ಟ್ ಬ್ಲೇರ್‌ಗೆ ಬಂದಿಳಿದ ದಿನವೇ ನೀಲ್‌ಗೆ ಹೋಗುವುದಾದರೆ ವಿಮಾನ ಇಳಿಯುವ ಹೊತ್ತಿಗೂ ಫೆರ್ರಿ ಹೊರಡುವ ಹೊತ್ತಿಗೂ ನಡುವೆ ಮೂರು ಗಂಟೆಯಾದರೂ ಇರಲಿ. ನಿಲ್ದಾಣದಿಂದ ಜೆಟ್ಟಿ ಹತ್ತಿರವೇ, ಆದರೆ ವಿಮಾನ ತಡವಾದರೆ ಫೆರ್ರಿ ನಿಮಗಾಗಿ ಕಾಯುವುದಿಲ್ಲ.

ಸರ್ಕಾರಿ ಫೆರ್ರಿಯೋ, ಖಾಸಗಿಯೋ?

ಸರ್ಕಾರಿ ಫೆರ್ರಿ ನಡೆಸುವುದು ಅಂಡಮಾನ್ ಆಡಳಿತದ ನೌಕಾಸೇವೆಗಳ ನಿರ್ದೇಶನಾಲಯ. ಟಿಕೆಟ್ ಅದರ ವೆಬ್‌ಸೈಟಿನಲ್ಲಿ, ಇಲ್ಲವೇ ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿನಲ್ಲಿ. ದರ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಪಯಣ ಸುಮಾರು ಎರಡು ಗಂಟೆ. ಡೆಕ್ ಮೇಲೆ ನಿಂತು ಗಾಳಿ ಕುಡಿಯಬಹುದು. ತೊಂದರೆ ಏನೆಂದರೆ ಇದು ಮೂಲತಃ ದ್ವೀಪವಾಸಿಗಳ ಬಸ್ಸು. ಅವರ ಆಸ್ಪತ್ರೆ, ಕಚೇರಿ, ಮಾರುಕಟ್ಟೆ ಎಲ್ಲದಕ್ಕೂ ಇದೇ ದಾರಿ. ಆದ್ದರಿಂದ ಪ್ರವಾಸಿಗಳಿಗೆ ಉಳಿಯುವ ಸೀಟು ಕಡಿಮೆ, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ.

ಖಾಸಗಿ ಫೆರ್ರಿಗಳಾದ ಮಕ್ರೂಸ್, ನಾಟಿಕಾ, ಗ್ರೀನ್ ಓಷನ್ ಮುಂತಾದವು ತಮ್ಮ ವೆಬ್‌ಸೈಟುಗಳಲ್ಲೇ ಮುಂಗಡ ಟಿಕೆಟ್ ಮಾರುತ್ತವೆ. ದರ ಸಾವಿರ ದಾಟುತ್ತದೆ. ವೇಗದ ಹಡಗಾದರೆ ಒಂದರಿಂದ ಒಂದೂವರೆ ಗಂಟೆ. ಹೆಚ್ಚಿನವುಗಳಲ್ಲಿ ಎ.ಸಿ. ಹಾಕಿದ ಮುಚ್ಚಿದ ಕೋಣೆಯೊಳಗೇ ಕೂರಬೇಕು. ತಾರೀಖು ನಿಶ್ಚಯವಾಗಿದ್ದರೆ ಹೋಗುವುದಕ್ಕೂ ಬರುವುದಕ್ಕೂ ಖಾಸಗಿ ಟಿಕೆಟ್ ಮಾಡಿಸುವುದು ವಾಸಿ. ಸರ್ಕಾರಿ ಫೆರ್ರಿಯೂ ಇದೆ ಎಂಬುದು ನೆನಪಿನಲ್ಲಿರಲಿ ಸಾಕು. ಖಾಸಗಿಯವು ನಿಂತ ದಿನ ದೊಡ್ಡ ಸರ್ಕಾರಿ ಹಡಗು ಓಡುವುದುಂಟು. ಅಂಥ ದಿನ ಹೋಟೆಲಿನಲ್ಲಿ ಕೂತು ಫೋನ್ ತಿರುವಬೇಡಿ, ನೇರ ಜೆಟ್ಟಿಯ ಕೌಂಟರಿಗೆ ಹೋಗಿ ಸಾಲಿನಲ್ಲಿ ನಿಲ್ಲಿ.

ಪೋರ್ಟ್ ಬ್ಲೇರ್‌ನಲ್ಲಿ ಎಲ್ಲ ಫೆರ್ರಿಗಳೂ ಒಂದೇ ಜೆಟ್ಟಿಯಿಂದ ಹೊರಡುವುದಿಲ್ಲ. ಫೀನಿಕ್ಸ್ ಬೇ ಬೇರೆ, ಹ್ಯಾಡೋ ಬೇರೆ. ಆಟೊ ಹತ್ತುವ ಮೊದಲು ಟಿಕೆಟ್‌ನಲ್ಲಿ ಯಾವುದೆಂದು ನೋಡಿ ಹೇಳಿ. ಒಂದು ಗಂಟೆ ಮೊದಲೇ ತಲುಪಿ. ಚೆಕ್-ಇನ್ ಬಾಗಿಲು ಹಡಗು ಹೊರಡುವ ಹೊತ್ತಿಗಲ್ಲ, ಅದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ. ಸಾಮಾನಿನ ತೂಕದ ಮಿತಿ ಎಷ್ಟೆಂದು ಟಿಕೆಟ್‌ನಲ್ಲೇ ಬರೆದಿರುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಬೇರೆ ಕಡೆ ಇಡುವುದರಿಂದ ಔಷಧಿ, ಹಣ, ಕ್ಯಾಮೆರಾ ನಿಮ್ಮ ಕೈಚೀಲದಲ್ಲೇ ಇರಬೇಕು.

ಹೊಟ್ಟೆ ತೊಳಸದಿರಲು

ಒಳಗಿವಿ ‘ತೂಗಾಡುತ್ತಿದ್ದೇವೆ’ ಎನ್ನುತ್ತದೆ, ಮುಚ್ಚಿದ ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ‘ಕದಲುತ್ತಿಲ್ಲ’ ಎನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ. ಮೊಬೈಲ್ ನೋಡುತ್ತ ಕೂತರೆ ಜಗಳ ಜೋರಾಗುತ್ತದೆ. ಸೀಟು ಆರಿಸಲು ಅವಕಾಶವಿದ್ದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ತೆಗೆದುಕೊಳ್ಳಿ. ಮೂತಿಯ ಕಡೆ ಏರಿಳಿತ ಹೆಚ್ಚು. ಕಿಟಕಿಯಿಂದ ದಿಗಂತದ ಗೆರೆ ಕಂಡರೆ ಅದನ್ನೇ ನೋಡುತ್ತಿರಿ. ಮಾತ್ರೆಯನ್ನು ಹಡಗು ಅಲುಗಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹೆಚ್ಚಿನವನ್ನು ಅರ್ಧದಿಂದ ಒಂದು ಗಂಟೆ ಮೊದಲು, ಕೆಲವನ್ನು ಎರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ಯಾವುದು ನಿಮಗಾಗುತ್ತದೆ ಎಂದು ವೈದ್ಯರನ್ನು ಊರಲ್ಲೇ ಕೇಳಿ, ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ಪೂರಿಯೂ ಬೇಡ. ಒಂದೆರಡು ಇಡ್ಲಿ ಸಾಕು.

ದ್ವೀಪಕ್ಕಿಳಿದ ಮೇಲೆ

ಜೆಟ್ಟಿ ಇರುವುದು ಭರತಪುರ ತೀರದ ಪಕ್ಕದಲ್ಲೇ. ಲಕ್ಷ್ಮಣಪುರ ತೀರ ಅಲ್ಲಿಂದ ಸುಮಾರು ಎರಡು ಕಿ.ಮೀ., ಸೀತಾಪುರ ಐದು. ಇಷ್ಟು ದೂರಕ್ಕೆ ಬಾಡಿಗೆ ಸೈಕಲ್ ಧಾರಾಳ ಸಾಕು. ಸ್ಕೂಟರ್ ಬೇಕಿದ್ದರೆ ಮೂಲ ಚಾಲನಾ ಪರವಾನಗಿ ತನ್ನಿ. ತೆಗೆದುಕೊಳ್ಳುವ ಮುನ್ನ ಗಾಡಿಯ ಸುತ್ತ ಒಂದು ವಿಡಿಯೊ ಮಾಡಿ, ಬ್ರೇಕು ಮತ್ತು ಹೆಡ್‌ಲೈಟ್ ನೋಡಿ. ಹೆಡ್‌ಲೈಟ್ ಏಕೆಂದರೆ ಇಲ್ಲಿ ಕತ್ತಲು ಬೇಗ. ಭಾರತೀಯ ಕಾಲಮಾನದ ರೇಖೆಗಿಂತ ಅಂಡಮಾನ್ ಹತ್ತು ಡಿಗ್ರಿಯಷ್ಟು ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ ನೋಡಬೇಕಾದರೆ ನಾಲ್ಕೂಕಾಲಿಗೆ ಅಲ್ಲಿರಿ. ಸೀತಾಪುರದ ಸೂರ್ಯೋದಯಕ್ಕೆ ಚಳಿಗಾಲದಲ್ಲಿ ಐದು ಗಂಟೆಗೆ ಹೊರಟರೆ ಸರಿ, ಜೂನ್‌ನಲ್ಲಿ ನಾಲ್ಕಕ್ಕೇ ಏಳಬೇಕು.

ಎಟಿಎಂ ನಂಬಿಕೊಂಡು ಬರಬೇಡಿ. ಅದು ಖಾಲಿಯಾಗುವುದು ಹೊಸದೇನಲ್ಲ, ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ಹಣ ಕಳಿಸಲೂ ಆಗದು. ಅಲ್ಲಿರುವಷ್ಟು ದಿನದ ಊಟ, ಗಾಡಿ ಬಾಡಿಗೆ ಮತ್ತು ಒಂದು ಹೆಚ್ಚುವರಿ ರಾತ್ರಿಯ ರೂಮಿಗಾಗುವಷ್ಟು ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ. ಟಿಕೆಟ್, ಹೋಟೆಲ್ ರಸೀದಿ, ನಕ್ಷೆ ಎಲ್ಲವೂ ಫೋನಿನಲ್ಲಿ ಇಳಿಸಿಕೊಂಡಿರಲಿ.

ಇಳಿತದ ಹೊತ್ತು ನೋಡಿ ಹೊರಡಿ

ಈ ದ್ವೀಪದಲ್ಲಿ ಕೈಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿ ಮುಖ್ಯ. ಇದನ್ನು ನೋಡದೆ ಬಂದವರಿಗೇ ನೀಲ್ ನಿರಾಸೆ ಮಾಡುವುದು. ಲಕ್ಷ್ಮಣಪುರದ ಎರಡನೇ ತೀರದಲ್ಲಿ ಸಮುದ್ರ ಕೊರೆದ ಕಲ್ಲಿನ ಸೇತುವೆಯಿದೆ. ಬಂಗಾಳಿ ಮೂಲದ ಸ್ಥಳೀಯರು ಅದನ್ನು ಹೌರಾ ಬ್ರಿಡ್ಜ್ ಎಂದೇ ಕರೆಯುವುದು. ಇಳಿತದಲ್ಲಿ ಅದರ ಬುಡದವರೆಗೆ ನಡೆದು ಹೋಗಬಹುದು, ಬಂಡೆಗಳ ನಡುವೆ ನಿಂತ ನೀರಿನಲ್ಲಿ ಏಡಿ, ಕಡಲಸೌತೆ, ಪುಟ್ಟ ಮೀನು ಕಾಣುತ್ತವೆ. ಉಬ್ಬರದಲ್ಲಿ ಹೋದರೆ ದಾರಿಯೇ ನೀರಿನಡಿ. ಭರತಪುರದಲ್ಲಿ ಇದಕ್ಕೆ ತಿರುವುಮುರುವು: ಈಜಲು, ಗಾಜಿನ ತಳದ ದೋಣಿ ಹತ್ತಲು ನೀರು ತುಂಬಿರಬೇಕು. ಇಳಿತದಲ್ಲಿ ಮೊಣಕಾಲುದ್ದದ ನೀರು, ಕಾಲಿಗೆ ಚುಚ್ಚುವ ಹವಳದ ಕಲ್ಲು ಅಷ್ಟೇ.

ಲೆಕ್ಕ ಕಷ್ಟವಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಿಗ್ಗೆ 9ಕ್ಕೆ ಇಳಿತವಿದ್ದರೆ ನಾಳೆ 9.50ರ ಸುಮಾರಿಗೆ, ಮೂರು ದಿನ ಬಿಟ್ಟು 11.30ಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ, ಸೇತುವೆ ನೋಡಲು ಅದೇ ಒಳ್ಳೆಯ ಕಾಲ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ.

ಮರಳುವ ಹೊತ್ತನ್ನೂ ಗೊತ್ತು ಮಾಡಿಕೊಂಡೇ ಹೋಗಿ. ನೀರು ಒಂದೇ ಸಮ ಏರುವುದಿಲ್ಲ. ಇಳಿತದ ನಂತರ ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗವಷ್ಟೇ, ಎರಡನೇ ಗಂಟೆಯಲ್ಲಿ ಎರಡು ಭಾಗ, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು ಭಾಗ. ಫೋಟೊ ತೆಗೆಯುತ್ತ ನಿಂತವರಿಗೆ ‘ಇನ್ನೂ ನೀರೇ ಬಂದಿಲ್ಲ’ ಅನ್ನಿಸುತ್ತಿರುವಾಗಲೇ ಹಿಂದಿನ ತಗ್ಗು ತುಂಬಿರುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಹೋಗಿ, ಇಳಿತದ ನಂತರ ಅರ್ಧ ಗಂಟೆಗೆ ಹೊರಡಿ. ಪಾಚಿ ಬಂಡೆಯ ಮೇಲೆ ಹವಾಯಿ ಚಪ್ಪಲಿ ನಿಲ್ಲದು, ಹಿಂದೆ ಪಟ್ಟಿಯಿರುವ ಒರಟು ತಳದ ಚಪ್ಪಲಿ ಬೇಕು. ನೀರೊಳಗೆ ಹವಳದ ಮೇಲೆ ಕಾಲೂರಬೇಡಿ, ನಿಮ್ಮ ಕಾಲೂ ಕೊಯ್ಯುತ್ತದೆ, ಅದೂ ಸಾಯುತ್ತದೆ. ಸಂಜೆ ಮರಳಿನ ನೊಣದ ಕಾಟವಿರುತ್ತದೆ. ಬರಿ ಮರಳಿನ ಮೇಲೆ ಮಲಗದೆ ಚಾಪೆ ಹಾಸಿ, ಕಾಲಿಗೆ ತೆಂಗಿನೆಣ್ಣೆಯನ್ನೋ ಕೀಟನಿವಾರಕವನ್ನೋ ಹಚ್ಚಿಕೊಳ್ಳಿ. ತೀರದಲ್ಲಿ ಮೊಸಳೆಯ ಎಚ್ಚರಿಕೆ ಫಲಕ ಕಂಡರೆ ಅದು ಅಲಂಕಾರಕ್ಕಲ್ಲ, ಅಂಡಮಾನಿನ ಮೊಸಳೆ ಉಪ್ಪುನೀರಿನಲ್ಲೂ ಈಜುತ್ತದೆ.

ಹೊರಡುವ ಮುನ್ನ

ಸ್ಕೂಬಾ ಡೈವಿಂಗ್ ಮಾಡುವುದಿದ್ದರೆ ಅದು ಪ್ರವಾಸದ ಮೊದಲರ್ಧದಲ್ಲಿ ಮುಗಿಯಲಿ. ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟಬಹುದು. ಒಂದೇ ಡೈವ್ ಆಗಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ಬಿಡಬೇಕು. ಪೋರ್ಟ್ ಬ್ಲೇರ್‌ನ ಆ ಕೊನೆಯ ರಾತ್ರಿ ಇದಕ್ಕೂ ಒದಗುತ್ತದೆ.

ಚೀಲ ಕಟ್ಟುವಾಗ ಮಕ್ಕಳ ಜೇಬು, ಬಟ್ಟೆಯ ಮಡಿಕೆ ಕೊಡವಿ ನೋಡಿ. ತೀರದಲ್ಲಿ ಆಯ್ದ ಹವಳದ ಚೂರು ಸತ್ತದ್ದೇ ಆಗಿದ್ದರೂ ಒಯ್ಯುವಂತಿಲ್ಲ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಹಲವು ಜಾತಿಯ ಚಿಪ್ಪುಗಳಿಗೂ ಇದೆ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಅವು ಸಿಕ್ಕಿಬೀಳುತ್ತವೆ, ವಿಚಾರಣೆ ಮುಗಿಯುವುದರೊಳಗೆ ವಿಮಾನ ಹೋಗಿರಬಹುದು. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುವಾದರೆ ರಸೀದಿ ಕೇಳಿ ಪಡೆದು, ಅದನ್ನು ಪೆಟ್ಟಿಗೆಯೊಳಗೆ ತುರುಕದೆ ಬೋರ್ಡಿಂಗ್ ಪಾಸಿನ ಜೊತೆಗೇ ಇಟ್ಟುಕೊಳ್ಳಿ.