ಗೇಟಿಗೆ ಯಾವ ಸೆನ್ಸರ್ ಸರಿ?

ಸ್ವಯಂಚಾಲಿತ ಗೇಟ್ ಹಾಕಿಸುವವರು ಮೋಟಾರಿನ ಬೆಲೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಸೆನ್ಸರ್ ವಿಷಯವನ್ನು ಮಾತ್ರ ಅಂಗಡಿಯವರಿಗೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಅದು ಬೇಕಿರುವುದು ಗೇಟು ತೆರೆಯುವುದಕ್ಕೋ, ನಡುವೆ ಯಾರಾದರೂ ಇದ್ದಾಗ ಮುಚ್ಚದಂತೆ ತಡೆಯುವುದಕ್ಕೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಎರಡೂ ಬೇಕೆಂದರೆ ಒಂದೇ ಸಾಧನ ಸಾಲದು.

ಬಳಿಕ ನೆಲ ನೋಡಿ. ಗಟ್ಟಿ ಕಾಂಕ್ರೀಟ್ ಅಥವಾ ಡಾಂಬರಿದ್ದರೆ ಲೂಪ್ ಸೆನ್ಸರಿಗೇ ನನ್ನ ಮತ. ನೆಲವನ್ನು ಆಯತಾಕಾರದಲ್ಲಿ ಸೀಳಿ, ತಾಮ್ರದ ತಂತಿಯನ್ನು ಮೂರು ನಾಲ್ಕು ಸುತ್ತು ಕೂರಿಸಿ ಸೀಲ್ ಮಾಡುತ್ತಾರೆ. ಮೇಲೆ ಕಾರು ಬಂದಾಗ ಅದರ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ ಸುರುಳಿಯ ಪ್ರೇರಕತೆ (ಇಂಡಕ್ಟೆನ್ಸ್ ಎಂಬ ವಿದ್ಯುತ್ ಗುಣ) ತಗ್ಗುತ್ತದೆ. ತಂತಿಗೆ ಜೋಡಿಸಿದ ಡಿಟೆಕ್ಟರ್ ಪೆಟ್ಟಿಗೆ ಅದನ್ನು ಹಿಡಿಯುತ್ತದೆ. ನಿಂತ ಕಾರೂ ತಪ್ಪಿಸಿಕೊಳ್ಳದು. ಆದರೆ ಲೂಪಿನ ಚಿಕ್ಕ ಬದಿಯ ಸುಮಾರು ಅರ್ಧದಿಂದ ಮೂರನೇ ಎರಡರಷ್ಟು ಎತ್ತರದವರೆಗೆ ಮಾತ್ರ ಅದರ ಆಟ. ಹಾಗಾಗಿ 1 ಮೀಟರ್ ಅಗಲದ ಲೂಪು ಎತ್ತರದ ಲಾರಿಯ ನಡುಭಾಗವನ್ನು ಕಾಣದೇ ಹೋಗಬಹುದು. ಕಬ್ಬಿಣದ ಗೇಟು ಚಲಿಸುವ ಜಾಗದಿಂದ ಲೂಪು ಒಂದು ಮೀಟರಾದರೂ ದೂರವಿರಲಿ, ಇಲ್ಲದಿದ್ದರೆ ಗೇಟನ್ನೇ ವಾಹನವೆಂದು ಎಣಿಸುತ್ತದೆ. ಡಿಟೆಕ್ಟರಿಗೆ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದಿರಬೇಕು. ಅವಸರದ ಕೆಲಸಗಾರರು ಬಿಡುವುದು ಇದನ್ನೇ.

ನಮ್ಮಲ್ಲಿ ದೊಡ್ಡ ತಲೆನೋವು ಸ್ಕೂಟರು. ಲೋಹ ಕಡಿಮೆ, ಅದೂ ಲೂಪಿನ ನಟ್ಟನಡುವೆ ಹೋದರೆ ಸುಳಿವೇ ಸಿಗದಿರಬಹುದು. ತಂತಿಯ ಗುಂಟ ಸಾಗಿದರೆ ಸಿಗುವ ಸಂಭವ ಹೆಚ್ಚು.

ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟ್‌ಗಳಂತೆ ಗೇಟಿನ ಕೆಳಗೆ ನೆಲಮಾಳಿಗೆಯಿದ್ದರೆ ಸ್ಲ್ಯಾಬ್ ಕೊರೆಸಬೇಡಿ. ಜಲನಿರೋಧಕ ಪದರ ಹರಿದರೆ ಮಳೆಗಾಲದಲ್ಲಿ ಸೋರಿಕೆ ಖಚಿತ, ಒಳಗಿನ ಕಬ್ಬಿಣ ಲೂಪಿನ ಸೂಕ್ಷ್ಮತೆಯನ್ನೂ ತಗ್ಗಿಸುತ್ತದೆ. ಅಲ್ಲಿ ಕಂಬಕ್ಕೆ ಕೂರಿಸುವ ರೇಡಾರ್ ಸೆನ್ಸರ್ ವಾಸಿ. ತೋಟದ ಮನೆಯ ಉದ್ದನೆಯ ಮಣ್ಣುದಾರಿಗೆ ಭೂಮಿಯ ಕಾಂತಕ್ಷೇತ್ರದ ಏರುಪೇರನ್ನು ಗಮನಿಸುವ ಪ್ರೋಬ್ ಹೂಳಿದರೆ ಸಾಕು. ಆದರೆ ಅಂಥ ಹಲವು ಪ್ರೋಬುಗಳು ಚಲಿಸುವ ವಾಹನವನ್ನಷ್ಟೇ ಗುರುತಿಸುತ್ತವೆ. ತಡೆಯುವ ಕೆಲಸಕ್ಕೆ ಅವನ್ನು ನೆಚ್ಚಬೇಡಿ.

ಇವುಗಳಲ್ಲಿ ಯಾವುದನ್ನು ಆರಿಸಿದರೂ ಅವಗೆಂಪು ಕಿರಣದ ಫೋಟೋ ಸೆನ್ಸರ್ ಜೋಡಿಯೊಂದು ಇರಲೇಬೇಕು. ಲೂಪಿಗೆ ಮಗು ಕಾಣುವುದಿಲ್ಲ, ಕಿರಣಕ್ಕೆ ಅಡ್ಡ ಬಂದ ಯಾರಾದರೂ ಕಾಣುತ್ತಾರೆ. ಗಾಜಿಗೆ ಜೇಡ ಬಲೆ ಕಟ್ಟಿದರೂ ಗೇಟು ಮುಚ್ಚದೆ ನಿಲ್ಲಬಹುದು, ಆಗಾಗ ಒರೆಸಿ.

ಕೊನೆಯ ಕಂತು ಕೊಡುವ ಮುನ್ನ ಸ್ಕೂಟರೊಂದನ್ನು ನಿಧಾನವಾಗಿ, ಎಡಕ್ಕೆ, ನಡುವೆ, ಬಲಕ್ಕೆ ಓಡಿಸಿ ನೋಡಿ.